ಪ್ಲೇಟಿನ ಬೂದು ಬದಿ

೧೯೬೨ರ ಡಿಸೆಂಬರ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಓಜೆಲ್ಲಾ ಥಿಗ್ಪೆನ್ ಹಾಡಿನ ಪ್ಲೇಟು ಮಾರುವ ತನ್ನ ಅಂಗಡಿಯ ಕಿಟಕಿಯ ಬಳಿ ನಿಂತು ಒಂದು ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದಿದ್ದಳು. ಒಂದು ಬದಿ ಈಗಷ್ಟೇ ಪಾಲಿಶ್ ಹಾಕಿದ ಬೂಟಿನ ಹಾಗೆ ಮಿರುಗುವ ಕಪ್ಪು. ತಿರುಗಿಸಿದರೆ ಇನ್ನೊಂದು ಬದಿ ಒಲೆಯ ಬೂದಿಯ ಬಣ್ಣ. ಮುಳ್ಳು ಓಡಿ ಓಡಿ ಗೆರೆಗಳು ಸವೆದಾಗ ಪ್ಲೇಟು ಹೀಗೆ ಬೂದುಗಟ್ಟುತ್ತದೆ, ಅದು ಅವಳಿಗೆ ಹೊಸದಲ್ಲ. ಆದರೆ ಬೂದುಗಟ್ಟಬೇಕಾಗಿದ್ದ ಬದಿ ಅದಲ್ಲ.

ಪ್ಲೇಟು ತಂದವನು ಅವಳದೇ ಚರ್ಚಿನ ರೂಫಸ್ ಆಲ್ಸ್ಟನ್. ಅಮೆರಿಕದ ಡರ್ಹಮ್‌ನ ನಮ್ಮ ಹೇಟೈ ಎಂಬ ಕಪ್ಪು ಜನರ ಕೇರಿಯಲ್ಲಿ ಕಾಸು ಹಾಕಿದರೆ ಹಾಡುವ ಪೆಟ್ಟಿಗೆಗಳು ಯಾವ ಹೋಟೆಲಿನಲ್ಲಿದ್ದರೂ ಅವನವೇ. ಹೊಸ ಹಾಡು ಹಾಕಿದಾಗ ತೆಗೆದ ಹಳೆಯ ಪ್ಲೇಟುಗಳನ್ನು ಅವನು ಓಜೆಲ್ಲಾಳ ಅಂಗಡಿಗೆ ತಂದು ಸುರಿಯುತ್ತಿದ್ದ.

“ಬ್ರದರ್ ಆಲ್ಸ್ಟನ್, ಇದು ಯಾವ ಪೆಟ್ಟಿಗೇದು?”

“ಆ ಲಾಟಿ ನಡೆಸೋ ಹೋಟೆಲಿಂದು. ಯಾಕೆ ಸಿಸ್ಟರ್, ಮೀನು ಕೊಳ್ಳೋರು ಕಿವಿರು ನೋಡೋ ಹಾಗೆ ನೋಡ್ತಿದ್ದೀರಿ?”

“ವಾಸನೆ ಬಂದಿದೆ, ಅದಕ್ಕೆ.”

ಅದು ಆರ್ಲೀನ್ ಪೆಟಿಫೋರ್ಡ್ ಎಂಬ ಗಾಯಕಿಯ ಪ್ಲೇಟು. ಮುಂಬದಿಯಲ್ಲಿ ‘ಬೂಟು ಕಳಚಿ ಬಾ’ ಎಂಬ ಕುಣಿತದ ಹಾಡು. ರೇಡಿಯೋದವನು ಹಗಲಿಡೀ ಅದನ್ನೇ ಹಾಕುತ್ತಿದ್ದ. ಹಿಂಬದಿಯಲ್ಲಿ ‘ಎರಡನೇ ಪಾಳಿ’ ಎಂಬ ನಿಧಾನದ ಹಾಡು, ಜಾಗ ಖಾಲಿ ಬಿಡಬಾರದೆಂದು ತುಂಬಿದ್ದು. ಹಾಗೆಂದು ಓಜೆಲ್ಲಾ ಅಂದುಕೊಂಡಿದ್ದಳು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಪ್ರತಿ ಮಂಗಳವಾರ ನ್ಯೂಯಾರ್ಕಿನ ಒಂದು ಸಂಗೀತ ವಾರಪತ್ರಿಕೆಯ ಕಚೇರಿಯಿಂದ ಮಿಸ್ ಕೆಸ್ಲರ್ ಎಂಬ ಹುಡುಗಿ ಫೋನು ಮಾಡಿ, ಆ ವಾರ ಯಾವ ಹಾಡು ಹೆಚ್ಚು ಮಾರಿತು ಎಂದು ಕೇಳುತ್ತಿದ್ದಳು. ಊರೂರಿನ ಇಂಥ ಅಂಗಡಿಗಳ ಮಾತನ್ನು ಒಟ್ಟುಹಾಕಿ ಪತ್ರಿಕೆಯವರು ರಿದಮ್ ಅಂಡ್ ಬ್ಲೂಸ್ ಎನ್ನುವ ಕಪ್ಪು ಜನರ ಹಾಡುಗಳಿಗೆ ಸ್ಥಾನ ಕೊಡುತ್ತಿದ್ದರು. ಆ ವರ್ಷ ಚಳಿಗಾಲದಲ್ಲಿ ಸೊಂಟ ತಿರುಗಿಸುವ ಹಾಡೊಂದು ಮೇಲೆ ಕೂತಿತ್ತು. ವಸಂತದಲ್ಲಿ ಚರ್ಚಿನ ಗಂಟಲಿನವನೊಬ್ಬ ಬಿಟ್ಟುಹೋದವಳಿಗಾಗಿ ಅತ್ತಿದ್ದ. ಬೇಸಿಗೆಯಲ್ಲಿ ಮೂವರು ಹುಡುಗಿಯರು ಚಪ್ಪಾಳೆ ತಟ್ಟಿ ಹಾಡಿದ್ದರು. ಸೆಪ್ಟೆಂಬರಿನಿಂದ ಪೆಟಿಫೋರ್ಡ್. ಹೇಟೈ ಹೇಳಿದ ಹಾಡೇ ಹೆಚ್ಚುಕಡಿಮೆ ದೇಶದ ಹಾಡೂ ಆಗಿತ್ತು. ಓಜೆಲ್ಲಾಗೆ ಅದೊಂದು ಗುಟ್ಟಾದ ಹೆಮ್ಮೆ.

ಆ ಫೋನಿಗಾಗಿ ಅವಳು ಕಾಯಲು ಇನ್ನೊಂದು ಕಾರಣವೂ ಇತ್ತು. ಪೇಟೆಯ ಬ್ಯಾಂಕಿನಲ್ಲಿ, ಔಷಧದಂಗಡಿಯಲ್ಲಿ, ಅಂಚೆ ಕಚೇರಿಯಲ್ಲಿ, ನಿನ್ನೆ ಕೆಲಸಕ್ಕೆ ಸೇರಿದ ಬಿಳಿ ಹುಡುಗನಿಗೂ ಅವಳು ಬರೀ ‘ಓಜೆಲ್ಲಾ’. ಐವತ್ಮೂರು ವರ್ಷದ ವಿಧವೆ, ಚರ್ಚಿನ ಹಿರಿಯಳು, ಸ್ವಂತ ಅಂಗಡಿಯವಳು, ಆದರೂ ಓಜೆಲ್ಲಾ. ಅವಳನ್ನು ‘ಮಿಸೆಸ್ ಥಿಗ್ಪೆನ್’ ಎಂದು ಕರೆಯುವ ಬಿಳಿಯ ದನಿ ಒಂದೇ. ಅದು ಮಂಗಳವಾರ ಬರುತ್ತಿತ್ತು.

“ಮಿಸೆಸ್ ಥಿಗ್ಪೆನ್, ಈ ವಾರವೂ ‘ಬೂಟು ಕಳಚಿ ಬಾ’ ತಾನೇ?”

“ಹೌದು ಮ್ಯಾಮ್,” ಎಂದಳು ಅಭ್ಯಾಸದಂತೆ, ಬೂದು ಬದಿಯನ್ನು ನೋಡುತ್ತಲೇ.

“ಮುಂದಿನ ವಾರ ಇಡೀ ವರ್ಷದ ಲೆಕ್ಕ. ಮೇಲಿನ ಹದಿನೈದು ಹಾಡು ಕ್ರಮವಾಗಿ ಹೇಳ್ಬೇಕು. ಸ್ವಲ್ಪ ಹುಷಾರಾಗಿರಿ. ಮೊನ್ನೆ ನಿಮ್ಮ ಪಕ್ಕದ ಊರಿನ ಅಂಗಡಿಯನ್ನ ಕೈಬಿಟ್ಟರು. ಬೇರೆ ಯಾರೂ ಹೇಳದ ಹಾಡನ್ನ ಮೇಲೆ ಹೇಳ್ತಿದ್ದರಂತೆ. ಪ್ಲೇಟು ಕಂಪನಿಯವರು ಕೈ ಬೆಚ್ಚಗೆ ಮಾಡಿದ್ದಾರೆ ಅಂತ ಸಂಪಾದಕರಿಗೆ ಅನುಮಾನ.”

ಫೋನು ಇಟ್ಟ ಮೇಲೆ ಓಜೆಲ್ಲಾ ಮೊದಲು ಮುಳ್ಳಿನ ಮೇಲೆ ಅನುಮಾನಪಟ್ಟಳು. ಲಾಟಿಯ ಪೆಟ್ಟಿಗೆಯ ಮುಳ್ಳು ಮೊಂಡಾಗಿರಬಹುದು. ಆದರೆ ಹಾಗಿದ್ದರೆ ಅದೇ ಪೆಟ್ಟಿಗೆಯ ಉಳಿದ ಪ್ಲೇಟುಗಳೂ ಹಾಗೇ ಇರಬೇಕಲ್ಲ? ಒಂದೊಂದಾಗಿ ತಿರುಗಿಸಿ ನೋಡಿದಳು. ಸೊಂಟ ತಿರುಗಿಸುವ ಹಾಡು ಸವೆದದ್ದು ಮುಂಬದಿಯಲ್ಲಿ. ಅಳುವವನದೂ ಮುಂಬದಿಯಲ್ಲೇ. ಪೆಟಿಫೋರ್ಡ್ ಒಬ್ಬಳದು ಮಾತ್ರ ತಲೆಕೆಳಗು.

“ಬೇರೆ ಹೋಟೆಲುಗಳಿಂದಲೂ ಇದನ್ನ ತಂದುಕೊಡಿ ಬ್ರದರ್.”

“ಅವು ಇನ್ನೂ ಓಡ್ತಿವೆ ಸಿಸ್ಟರ್! ಗಿರಾಕಿಗಳು ನನ್ನ ತಲೆ ಒಡೀತಾರೆ.”

“ಹೊಸಾದು ಕೊಡ್ತೀನಿ, ಬದಲಾಯ್ಸಿ. ಗೆಣಸಿನ ಸಿಹಿ ಪೈ ಕೂಡ ಮಾಡ್ಕೊಡ್ತೀನಿ.”

“ಪೈ ಅಂತ ಮೊದಲೇ ಹೇಳಬಾರದಾ?”

ಮರುದಿನ ಅವನು ಕ್ಷೌರದಂಗಡಿಯದು, ಬಿಲಿಯರ್ಡ್ಸ್ ಕೋಣೆಯದು, ಮೀನು ಹುರಿಯುವವಳ ಹೋಟೆಲಿನದು ಎಂದು ಒಂದೊಂದೇ ಮೇಜಿನ ಮೇಲಿಟ್ಟ. ಬಿಲಿಯರ್ಡ್ಸ್ ಕೋಣೆಯದರಲ್ಲಿ ಎರಡೂ ಬದಿ ಸಮನಾಗಿ ಸವೆದಿದ್ದವು. ಮಿಕ್ಕವುಗಳ ಹಿಂಬದಿ ಬೂದು. ರೂಫಸ್ ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. “ದಿನಾ ಅವೇ ಪೆಟ್ಟಿಗೆ ತೆಗೀತೀನಿ. ಹಾಡು ಕೇಳೋದು ಬಿಟ್ಟು ಎಷ್ಟು ವರ್ಷ ಆಯ್ತೋ ನೋಡಿ.”

ಪೆಟ್ಟಿಗೆಯ ಮಾತು ಸರಿ. ಆದರೆ ತನ್ನ ಅಂಗಡಿಯಲ್ಲಿ ಕೊಂಡವರು? ಅವರು ಯಾವ ಬದಿ ಕೇಳಿದ್ದರು? ನೆನಪು ಮಾಡಿಕೊಂಡಷ್ಟೂ ಓಜೆಲ್ಲಾಗೆ ಗಲಿಬಿಲಿಯಾಯಿತು. ಹೇಟೈನಲ್ಲಿ ಹಾಡಿನ ಹೆಸರು ಹೇಳಿ ಕೊಳ್ಳುವವರಿಲ್ಲ. ಒಳಗೆ ಬಂದು ಒಂದು ಸಾಲು ಗುನುಗುತ್ತಾರೆ, ಅಷ್ಟೆ. ಓಜೆಲ್ಲಾ ಎರಡು ಸ್ವರ ಕೇಳಿದರೆ ಸಾಕು, ಪ್ಲೇಟು ಕೈಯಲ್ಲಿರುತ್ತದೆ ಎಂದು ಕೇರಿಯೆಲ್ಲ ಹೊಗಳುತ್ತಿತ್ತು. ಅದೇ ಎಡವಟ್ಟಾಗಿತ್ತು. ಪೆಟಿಫೋರ್ಡಳ ಎರಡು ಹಾಡೂ ಒಂದೇ ಪ್ಲೇಟಿನಲ್ಲಿದ್ದವು. ಯಾವುದನ್ನು ಗುನುಗಿದರೂ ಅವಳ ಕೈ ಅದೇ ಗೂಡಿಗೆ ಹೋಗುತ್ತಿತ್ತು, ಫೋನಿನಲ್ಲಿ ಬಾಯಿಗೆ ಮುಂಬದಿಯ ಹೆಸರೇ ಬರುತ್ತಿತ್ತು. ಇಷ್ಟು ತಿಂಗಳು ಅವಳು ಮಾರಿದ್ದಳು, ಕೇಳಿರಲಿಲ್ಲ.

ಶನಿವಾರ ಅವಳು ಬಾಗಿಲ ಮೇಲಿನ ಸ್ಪೀಕರನ್ನು ಬಂದ್ ಮಾಡಿದಳು. ಅದರಲ್ಲಿ ಬಂದ ಹಾಡನ್ನೇ ಜನ ಗುನುಗುತ್ತ ಒಳಗೆ ಬಂದರೆ ಪರೀಕ್ಷೆ ಕೆಟ್ಟಂತೆ. ಮೊದಲು ಬಂದವಳು ತಂಬಾಕು ಕಾರ್ಖಾನೆಯ ಮರ್ಟಿಸ್ ಬುಲಕ್. ಕೇರಿಯ ಕಿರಿಯರು ಓಜೆಲ್ಲಾಳನ್ನು ಗೌರವಕ್ಕೆ ‘ಮಿಸ್’ ಎನ್ನುತ್ತಿದ್ದರು.

“ಏನ್ ಮಿಸ್ ಓಜೆಲ್ಲಾ, ಸ್ಪೀಕರಿನ ಬಾಯಿ ಹೊಲೆದುಬಿಟ್ರಾ? ಯಾರು ಹೋದ್ರಪ್ಪಾ ಅಂತ ಎದೆ ಧಸಕ್ಕಂತು.”

“ಯಾರೂ ಹೋಗಿಲ್ಲ. ಏನ್ ಬೇಕೋ ಹಾಡು.”

ಮರ್ಟಿಸ್ ಶುರುಮಾಡಿದಳು. ಓಜೆಲ್ಲಾಳ ಬಲಗೈ ತಾನಾಗಿಯೇ ಗೂಡಿನತ್ತ ಎದ್ದಿತು. ಅದನ್ನು ಏಪ್ರನ್ನಿನ ಜೇಬಿಗೆ ತುರುಕಿದಳು.

“ಕೊಡಿ ಮತ್ತೆ. ನನ್ನ ಮುಖದಲ್ಲೇನಿದೆ?”

“ಪೂರ್ತಿ ಹಾಡು.”

“ಅಯ್ಯೋ ದೇವರೇ! ಚರ್ಚಿನ ಮೇಳದೋರೇ ನನ್ನನ್ನ ಹಿಂದಿನ ಬೆಂಚಿಗೆ ಕಳ್ಸಿದ್ದಾರೆ, ನಿಮಗೇನು ಬಂತು?” ಎಂದಳು. ಆದರೂ ಹಾಡಿದಳು. ಹಾಡಿನಲ್ಲಿ ಗಂಡನಿಗೆ ಮೊದಲ ಪಾಳಿ, ಹೆಂಡತಿಗೆ ಎರಡನೆಯದು. ಇಬ್ಬರೂ ಒಬ್ಬರನ್ನೊಬ್ಬರು ನೋಡುವುದು ಕಾರ್ಖಾನೆಯ ಗೇಟಿನಲ್ಲಿ, ಸೈರನ್ನು ಕೂಗಿ ಮುಗಿಯುವಷ್ಟು ಹೊತ್ತು. ಮದುವೆಗೆ ಮುಂಚೆ ಓಜೆಲ್ಲಾ ಕೂಡ ಆ ಗೇಟಿನಲ್ಲಿ ಹೋಗಿಬಂದವಳೇ. ಹಾಡನ್ನು ಅವಳು ಕೊನೆಯವರೆಗೆ ಕೇಳಿದ್ದು ಅದೇ ಮೊದಲು.

“ಇದು ಹಿಂಬದೀದು ಮರ್ಟಿಸ್.”

“ಹಿಂದೋ ಮುಂದೋ ನಂಗೇನ್ ಗೊತ್ತು? ಮೊದಲ್ನೇದು ಸವೆದುಹೋಯ್ತು, ಇನ್ನೊಂದು ಕೊಡಿ.”

“ಆ ಕಡೆ ಕುಣಿಯೋ ಹಾಡಿದೆಯಲ್ಲ?”

“ದಿನವಿಡೀ ನಿಂತು ತಂಬಾಕಿನ ಎಲೆ ಸೀಳಿ ಬಂದ ಕಾಲಿಗೆ ಕುಣಿ ಅಂತೀರಾ? ಒಳ್ಳೇ ಹೆಂಗಸು!”

ಅಂದು ಬಂದವರೆಲ್ಲರನ್ನೂ ಓಜೆಲ್ಲಾ ಕೊನೆಯ ಸಾಲಿನವರೆಗೆ ಹಾಡಿಸಿದಳು. ಹೈಸ್ಕೂಲಿನ ಹುಡುಗಿಯರು ‘ಬೂಟು ಕಳಚಿ ಬಾ’ ಎಂದರು. ಪೆಟಿಫೋರ್ಡ್ ಬೇಕೆಂದ ಉಳಿದವರೆಲ್ಲ ಗೇಟಿನ ಹಾಡನ್ನೇ ಗುನುಗಿದರು. ಒಬ್ಬ ಮುದುಕ ಗುನುಗುತ್ತ ನಡುವೆ ನಿಲ್ಲಿಸಿ, ಪ್ಲೇಟು ತೆಗೆದುಕೊಂಡು ಹೋದ. ಬೇರೆ ಊರುಗಳಲ್ಲಿ ಹೇಗೋ, ಅವಳಿಗೆ ತಿಳಿಯುವ ದಾರಿಯಿರಲಿಲ್ಲ. ಅಲ್ಲಿಯೂ ಯಾರೋ ಪ್ಲೇಟು ತಿರುಗಿಸುತ್ತಿರಬಹುದು, ಇಲ್ಲದಿರಲೂಬಹುದು. ತನ್ನ ಕೇರಿಯದಂತೂ ಖಚಿತವಾಗಿತ್ತು.

ಮಂಗಳವಾರ ಬೆಳಿಗ್ಗೆ ರೂಫಸ್ ಪೈ ತಿನ್ನಲು ಬಂದವನು ಫೋನಿನ ಪಕ್ಕದಲ್ಲೇ ಕೂತ.

“ಸಿಸ್ಟರ್, ನನ್ನ ಮಾತು ಕೇಳಿ. ಎರಡೂ ಒಂದೇ ಪ್ಲೇಟು. ಮುಂಬದಿ ಹೆಸರು ಹೇಳಿ ಸುಮ್ನಾಗಿ. ಸುಳ್ಳೂ ಆಗಲ್ಲ.”

“ಪ್ಲೇಟು ಒಂದೇ. ಆಕೆ ಕೇಳೋದು ಹಾಡು.”

“ನಿಮ್ಮನ್ನ ಕೈಬಿಟ್ಟರೆ? ಆಮೇಲೆ ಯಾವ ಬಿಳಿಯರು ನಿಮ್ಮನ್ನ ಮಿಸೆಸ್ ಅಂತ ಕರೀತಾರೆ?”

ಓಜೆಲ್ಲಾ ಅವನ ತಟ್ಟೆಗೆ ಇನ್ನೊಂದು ತುಂಡು ಪೈ ಹಾಕಿದಳು. ಫೋನು ಬಂತು.

“ಮಿಸೆಸ್ ಥಿಗ್ಪೆನ್, ಮೊದಲ ಸ್ಥಾನಕ್ಕೆ ಎಲ್ಲಾ ಕಡೆಯಿಂದ ‘ಬೂಟು ಕಳಚಿ ಬಾ’ ಬರ್ತಿದೆ. ನಿಮ್ಮದೂ ಅದೇ ಅಂತ ಬರ್ಕೊಳ್ಳಲಾ?”

“ಬೇಡ ಮ್ಯಾಮ್. ‘ಎರಡನೇ ಪಾಳಿ’.”

“ಆ ಹೆಸರು ನನ್ನ ಹತ್ರ ಎಲ್ಲೂ ಇಲ್ಲವಲ್ಲ.”

“ಅದೇ ಪ್ಲೇಟು. ತಿರುಗಿಸಿ ನೋಡಿ.”

ಆ ಕಡೆ ಕಾಗದದ ಸರಪರ ಸದ್ದು. “ಹೀಗೆ ಹೇಳಿ ಅಂತ ಯಾರಾದರೂ ಹೇಳಿಕೊಟ್ರಾ? ಕಂಪನಿಯವರು?”

“ಕಾರ್ಖಾನೆಯವರು. ತಂಬಾಕಿನ ಕಾರ್ಖಾನೆ.”

ರೂಫಸ್ ಪೈ ನುಂಗುವುದನ್ನು ಮರೆತ. ಮಿಸ್ ಕೆಸ್ಲರ್ ದನಿ ತಗ್ಗಿಸಿದಳು. “ನೋಡಿ, ಸಂಪಾದಕರು ಇದನ್ನ ಒಪ್ಪಲ್ಲ. ಹದಿನಾಲ್ಕನೇದೋ ಹದಿನೈದನೇದೋ ಅಂತ ಹೇಳಿಬಿಡಿ, ಯಾರ ಕಣ್ಣಿಗೂ ಬೀಳಲ್ಲ. ನಿಮ್ಮನ್ನ ಕಳ್ಕೊಳ್ಳೋಕೆ ನನಗಿಷ್ಟ ಇಲ್ಲ. ಎಷ್ಟನೇ ಸ್ಥಾನ ಅಂತ ಬರ್ಕೊಳ್ಳಲಿ?”

ಹೊಸ ವರ್ಷದ ಮಂಗಳವಾರಗಳಲ್ಲಿ ಆ ಫೋನು ಸದ್ದು ಮಾಡಲಿಲ್ಲ. ಓಜೆಲ್ಲಾ ಒಂದಷ್ಟು ವಾರ ಹತ್ತು ಗಂಟೆಗೆ ಅದರ ಹತ್ತಿರವೇ ಏನೋ ಒರೆಸುತ್ತ ನಿಲ್ಲುತ್ತಿದ್ದಳು, ಆಮೇಲೆ ಅದೂ ನಿಂತಿತು. ಆದರೆ ಅವಳ ದನಿ ಅಂದು ಒಂದಿಷ್ಟೂ ಅಳುಕಲಿಲ್ಲ ಎಂದು ರೂಫಸ್ ಇಂದಿಗೂ ಕೇರಿಯವರಿಗೆ ಹೇಳುತ್ತಾನೆ. ಮಿಸ್ ಕೆಸ್ಲರ್ ಇನ್ನೊಮ್ಮೆ ಕೇಳಿದಳಂತೆ: ಎಷ್ಟು, ಮಿಸೆಸ್ ಥಿಗ್ಪೆನ್?

“ಒಂದು.”