ತಿರುಗಿಸಿ ಕೂರಿಸಿದ ತೊಲೆ

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಮೂರೂವರೆಗೆ ತ್ರೀ ಫೇಸ್ ಕರೆಂಟು ಬರಬೇಕಿತ್ತು, ಅದಕ್ಕೇ ಮೊಬೈಲ್ ನೋಡಿದ್ದೆ. ಹಿತ್ತಲ ತೊಟ್ಟಿಯ ಪಕ್ಕ ನಿಂತಿದ್ದೆ. ಫೋನನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸುವಾಗ ಒಂದು ಸದ್ದು ಕೇಳಿತು. ದೊಡ್ಡ ಸದ್ದಲ್ಲ. ಒಣಗಿದ ಶೇಂಗಾಕಾಯಿಯನ್ನು ಯಾರೋ ಬೆರಳಲ್ಲಿ ಒಡೆದ ಹಾಗೆ.

ನಮ್ಮ ಹಿತ್ತಲಲ್ಲಿ ಆಗ ಶೇಂಗಾ ಇರಲಿಲ್ಲ. ಹುಣಸೆಹಣ್ಣಿನ ಕಾಲ. ಅತ್ತೆ ಮುಂಬದಿ ತೆರೆದಿದ್ದ ಕುರಿಮನೆಯೊಳಗೆ ನೆರಳಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣು ಬಡಿದು ಬೀಜ ಬಿಡಿಸುತ್ತಿದ್ದರು. ಮಾವ ಕುರಿ ಹೊಡೆದುಕೊಂಡು ರಾಮಗಿರಿ ಗುಡ್ಡದ ಕಡೆ ಹೋಗಿದ್ದರು. ಸದ್ದು ಬಂದ ಕಡೆ ನೋಡಿದೆ. ಅತ್ತೆಯ ತಲೆಯ ಮೇಲಿದ್ದ ತೊಲೆಯ ಅಡಿಯಲ್ಲಿ, ನಡುವೆ ಕೊರೆದಿದ್ದ ಕಚ್ಚಿನಲ್ಲಿ, ಒಂದು ಕೆಂಪು ಗೆರೆ ಮೂಡಿತ್ತು. ಹೊಗೆ ಹಿಡಿದು ಕಪ್ಪಾದ ಬೇವಿನ ತೊಲೆ ಅದು. ಆ ಕೆಂಪು ಈಗಷ್ಟೇ ಸೀಳಿದ ಮರದ ಬಣ್ಣ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಆ ತೊಲೆ ಅಲ್ಲಿಗೆ ಹೇಗೆ ಬಂತು ಎಂಬುದನ್ನು ಮೊದಲು ಹೇಳಬೇಕು.

ನಾನು ಹಿರಿಯೂರಿನಲ್ಲಿ ಓದಿ, ಡಿಗ್ರಿ ಮುಗಿಸಿ, ಹೊಳಲ್ಕೆರೆ ತಾಲ್ಲೂಕಿನ ಈ ಊರಿಗೆ ಸೊಸೆಯಾಗಿ ಬಂದಾಗ ಇಲ್ಲಿ ಇದ್ದದ್ದು ಮಾಳಿಗೆ ಮನೆ. ನಡುವೆ ಒಂದು ದೊಡ್ಡ ತೊಲೆ, ಅದರ ಮೇಲೆ ಅಡ್ಡಡ್ಡ ಜಂತೆಗಳು, ಅವುಗಳ ಮೇಲೆ ನೀರು ಇಳಿಯದ ಕರಲು ಮಣ್ಣು. ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ನೀರು ಹೊಯ್ದು ಬಡಿಯಬೇಕು. ಆಮೇಲೆ ಅದನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದೆವು. ಕೆಡವಿದ ದಿನವೇ ಅತ್ತೆ ಹೇಳಿಬಿಟ್ಟರು, ಈ ಹಿತ್ತಲಿನಿಂದ ಒಂದು ಕಲ್ಲೂ ಆಚೆ ಹೋಗಬಾರದು ಎಂದು.

ಹೋಗಲಿಲ್ಲ. ಮಾಳಿಗೆಯ ಮಣ್ಣನ್ನು ಜರಡಿ ಹಿಡಿದು ಕುರಿಮನೆಯ ಗೋಡೆಗೆ ಬಳಸಿದೆವು, ಮಿಕ್ಕಿದ್ದನ್ನು ಗುಡ್ಡೆ ಹಾಕಿ ಇಟ್ಟೆವು. ಒಡೆದ ಇಟ್ಟಿಗೆ ಹೊಸ ಮನೆಯ ನೆಲದಡಿ ಸೇರಿತು. ಹೊಸ ಮನೆಗೆ ತಂದ ಟೈಲ್ಸಿನಲ್ಲಿ ಮುರಿದ ಚೂರುಗಳನ್ನು ಬಚ್ಚಲ ನೆಲಕ್ಕೆ ನಾನೇ ಜೋಡಿಸಿದೆ. ಕಂಬಿಯ ತುಂಡುಗಳು ಕಿಟಕಿಯ ಸರಳಾದವು. ಸಿಮೆಂಟಿನ ಚೀಲಗಳನ್ನು ಕೊಡವಿ, ಒಗೆದು, ನಾಲ್ಕು ನಾಲ್ಕು ಸೇರಿಸಿ ಹೊಲಿದು ಕಾಳು ಒಣಗಿಸುವ ಹಾಸು ಮಾಡಿದೆವು. ಹಳೆ ಜಗಲಿಯಲ್ಲಿದ್ದ ಕಲ್ಲು ಚಪ್ಪಡಿಗಳು ಕುರಿಮನೆಗೆ ಸೂರಾದವು. ಎರಡು ಪಕ್ಕದ ಗೋಡೆಯಿಂದ ಬರುವ ಚಪ್ಪಡಿಗಳು ನಡುವೆ ಎಲ್ಲೋ ಒಂದು ಕಡೆ ಕೂರಬೇಕಿತ್ತು. ಅಲ್ಲಿಗೆ ಆ ತೊಲೆ.

ಮನೆಯ ನಡುತೊಲೆಯನ್ನು ನಮ್ಮವರು ಮಾರುವುದಿಲ್ಲ, ಒಲೆಗೂ ಹಾಕುವುದಿಲ್ಲ. ಮನೆ ಹೋದರೂ ತೊಲೆಗೆ ಆ ಮನೆಯವರದೇ ಒಂದು ಸೂರು ಬೇಕು. ಹಬ್ಬ ಹಬ್ಬಕ್ಕೂ ಅದರ ಕೆಳಮೈಗೆ ಭಂಡಾರ ಹಚ್ಚಿ ಹಚ್ಚಿ ಹಳದಿಯ ಒಂದು ಪದರವೇ ಕೂತಿತ್ತು. ಮೇಲ್ಮೈಯಲ್ಲಿ ಜಂತೆ ಕೂರಿಸಲು ಕೊರೆದ ಕಚ್ಚುಗಳಿದ್ದವು. ತೊಲೆಯನ್ನು ಕುರಿಮನೆಯ ಗೋಡೆಗೆ ಏರಿಸುವ ಹೊತ್ತಿಗೆ ಅತ್ತೆ ಅಡ್ಡ ಬಂದರು.

"ಭಂಡಾರದ ಮುಖ ಹಿಕ್ಕೆ ನೋಡ್ಕಂಡಿರಬಾರ್ದು. ಮ್ಯಾಕೆ ಮಾಡಿ ಕುಂದ್ರುಸ್ರಿ," ಅಂದರು.

ಮಾವ ನಕ್ಕರು. "ಕುರಿ ಏನು ದೇವ್ರಿಗಿಂತ ಕಮ್ಮೀನಾ? ನಮಿಗೆ ಅನ್ನ ಹಾಕದು ಅವೇ ಕಣೆ."

"ಅನ್ನಾನೂ ಹಾಕ್ತವೆ, ಹಿಕ್ಕೇನೂ ಹಾಕ್ತವೆ. ತಿರುಗ್ಸ್ರಿ."

ಮೇಸ್ತ್ರಿಗೂ ಅದೇ ಅನುಕೂಲವಾಗಿತ್ತು. ಕಚ್ಚಿರುವ ಮೈ ಮೇಲೆ ಬಂದರೆ ಚಪ್ಪಡಿ ಅಲುಗಾಡುತ್ತದೆ, ಸಪಾಟು ಮೈಯ ಮೇಲೆ ಗಟ್ಟಿಯಾಗಿ ಕೂರುತ್ತದೆ. ತಿರುಗಿಸಿದರು. ಭಂಡಾರದ ಮುಖ ಆಕಾಶ ನೋಡಿತು, ಕಚ್ಚುಗಳು ಕೆಳಗೆ ಬಂದವು. ಹಳೆ ಮನೆಯಲ್ಲಿ ಆ ಕಚ್ಚುಗಳೊಳಗೆ ಜಂತೆಗಳು ಬಿಗಿಯಾಗಿ ಕೂತಿದ್ದವು. ಇಲ್ಲಿ ಖಾಲಿ ಇದ್ದವು. ಮಾವ ಅವುಗಳಲ್ಲಿ ಕುಡುಗೋಲು, ಉಣ್ಣೆ ಕತ್ತರಿ ಸಿಕ್ಕಿಸಿ ಇಡುತ್ತಿದ್ದರು. ಎತ್ತರಕ್ಕೆ ಸರಿಯಾಗಿತ್ತು, ಕೈಗೆ ಸಿಗುತ್ತಿತ್ತು. ಮೊದಲ ಮಳೆಗಾಲದಲ್ಲಿ ಚಪ್ಪಡಿಗಳ ಸಂದಿಯಲ್ಲಿ ಸೋರಿತು. ಮಾಳಿಗೆ ಮನೆಯ ರೂಢಿಯಂತೆ ಅದರ ಮೇಲೆ ಮಿಕ್ಕ ಕರಲು ಮಣ್ಣು ಹಾಕಿ ಬಡಿದೆವು. ಸೋರುವುದು ನಿಂತಿತು. ಎಲ್ಲರಿಗೂ ಸಮಾಧಾನವಾಗಿತ್ತು.

ಕೆಂಪು ಗೆರೆ ಕಂಡಾಗ ನಾನು, "ಅತ್ತೆ, ಎದ್ದು ಬರ್ರಿ," ಅಂದೆ. ಕೂಗಲಿಲ್ಲ. ಊಟಕ್ಕೆ ಕರೆಯುವಾಗ ಹೇಳುವ ಹಾಗೇ ಹೇಳಿದೆ.

"ಇನ್ನೊಂದ್ ಮುಷ್ಟಿ ಐತೆ, ತಡಿ," ಅಂದರು ಅವರು.

"ಅತ್ತೆ, ತೊಲೆ."

ಅವರು ತಲೆ ಎತ್ತಿ ನೋಡಿದರು. ಒಂದು ಕಾಲು ಮಡಚಿಕೊಂಡರು. ಇನ್ನೊಂದನ್ನು ಮಡಚುವಷ್ಟರಲ್ಲಿ ಎರಡನೆಯ ಸದ್ದು ಬಂತು. ಅದು ಹೇಗಿತ್ತು ಎಂದು ನನಗೆ ಈಗಲೂ ನೆನಪಾಗುವುದಿಲ್ಲ. ಮೊದಲನೆಯದು ಮಾತ್ರ ನೆನಪಿದೆ. ಧೂಳು ಇಳಿದಾಗ ತೊಲೆ ಎರಡಾಗಿತ್ತು. ಒಂದು ತುಂಡು ಪೂರ್ತಿ ನೆಲಕ್ಕೆ ಬಿದ್ದಿತ್ತು. ಇನ್ನೊಂದರ ಒಂದು ತುದಿ ಗೋಡೆಯಲ್ಲೇ ಉಳಿದು ಇನ್ನೊಂದು ತುದಿ ನೆಲ ಮುಟ್ಟಿತ್ತು. ಅದರ ಮೇಲೆ ಚಪ್ಪಡಿಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಅತ್ತೆ ಅದರ ಕೆಳಗಿನ ಸಂದಿಯಲ್ಲಿ ಇದ್ದರು. ಎಡಗಾಲು ಮೊಣಕಾಲಿನ ಕೆಳಗೆ ಚಪ್ಪಡಿಯಡಿ ಇತ್ತು.

ಸದ್ದಿಗೆ ಪಕ್ಕದ ಮನೆಯವರು ಬಂದರು. ರಸ್ತೆ ಬದಿಯ ನಮ್ಮ ಅಂಗಡಿಯಿಂದ ನನ್ನ ಗಂಡ ಓಡಿ ಬಂದರು. ಬಂದವರು ಮೊದಲು ಚಪ್ಪಡಿ ಎಳೆಯಲು ಹೋದರು, ಒಂದನ್ನು ಅಲುಗಿಸಿದರೆ ಇನ್ನೊಂದು ಜಾರುತ್ತಿತ್ತು, ಬಿಟ್ಟರು. ಪಕ್ಕದ ಮನೆಯವರು ಟ್ರ್ಯಾಕ್ಟರಿನ ಜಾಕ್ ತರಲು ಹೋದರು. ಅದು ಬರುವ ತನಕ ಮಾಡಲು ಏನೂ ಇರಲಿಲ್ಲ. ನಾನು ನೆಲದ ಮೇಲೆ ಮಲಗಿ ಸಂದಿಯೊಳಗೆ ಕೈ ಹಾಕಿದೆ. ಅತ್ತೆ ಮುಂಗೈ ಹಿಡಿದುಕೊಂಡರು. ಅವರ ಕೈ ಹುಣಸೆಹಣ್ಣಿನಿಂದ ಅಂಟಂಟಾಗಿತ್ತು.

"ಹಣ್ಣಿಗೆ ಮಣ್ಣು ಬಿತ್ತೇನೇ?" ಎಂದು ಕೇಳಿದರು.

"ಇಲ್ಲ ಅತ್ತೆ."

"ಸುಳ್ ಹೇಳ್ಬೇಡ. ನನ್ ಬಾಯಾಗೇ ಬಿದ್ದೈತೆ, ಅದುಕ್ಕೆ ಬೀಳ್ದಂಗೆ ಇರ್ತೈತಾ?"

ಆಗ ಮತ್ತೆ ಆ ಶೇಂಗಾಕಾಯಿ ಒಡೆದ ಸದ್ದು ಬಂತು. ಈ ಸಲ ನನ್ನ ಕಿವಿಯ ಹತ್ತಿರವೇ, ಗೋಡೆಯಲ್ಲಿ ಸಿಕ್ಕಿಕೊಂಡಿದ್ದ ತುಂಡಿನಲ್ಲಿ. ಹಿಂದಿನಿಂದ ಯಾರೋ ನನಗೆ ಈಚೆ ಬರಲು ಹೇಳಿದರು. ಬರಲಿಲ್ಲ. ಧೈರ್ಯದಿಂದಲ್ಲ. ಕೈ ಅವರ ಹಿಡಿತದಲ್ಲಿತ್ತು, ಅಷ್ಟೇ. ನನ್ನ ಮೂಗಿನ ಮುಂದೆ ಒಂದು ಇರುವೆ ಹುಣಸೆಯ ನಾರನ್ನು ಎಳೆದುಕೊಂಡು ಹೋಗುತ್ತಿತ್ತು. ಅದನ್ನು ನೋಡುತ್ತಿದ್ದೆ. ಆಮೇಲೆ ಅತ್ತೆ ಮಾತು ನಿಲ್ಲಿಸಿದರು. ಅವರು ಉಸಿರಾಡುತ್ತಿದ್ದಾರೋ ಇಲ್ಲವೋ ಎಂಬುದು ಮುಂಗೈ ಮೇಲಿನ ಹಿಡಿತದಿಂದ ಮಾತ್ರ ತಿಳಿಯಬೇಕಿತ್ತು. ಹಿಡಿತ ಒಮ್ಮೆ ಸಡಿಲವಾಗುತ್ತಿತ್ತು, ಒಮ್ಮೆ ಬಿಗಿಯುತ್ತಿತ್ತು.

ಜಾಕ್ ಬಂತು. ಚಪ್ಪಡಿ ಎರಡು ಬೆರಳು ಮೇಲೆದ್ದಾಗ ನನ್ನ ಗಂಡ ಮತ್ತು ಇನ್ನಿಬ್ಬರು ಅತ್ತೆಯನ್ನು ಹೊರಗೆಳೆದರು. ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಸಿ ಮಲಗಿಸಿ ಹೊಳಲ್ಕೆರೆಗೆ, ಅಲ್ಲಿಂದ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದರು. ನಾನು ಹಿತ್ತಲಲ್ಲೇ ಉಳಿದೆ. ಕರೆಂಟು ಯಾವಾಗಲೋ ಬಂದಿತ್ತು, ಮೋಟಾರು ತಾನೇ ಚಾಲೂ ಆಗಿತ್ತು, ತೊಟ್ಟಿ ತುಂಬಿ ನೀರು ಅಂಗಳದಲ್ಲೆಲ್ಲ ಹರಿದಿತ್ತು. ಹೋಗಿ ಬಂದ್ ಮಾಡಿದೆ. ಹುಣಸೆಹಣ್ಣನ್ನು ಮಣ್ಣಿನಿಂದ ಆರಿಸಿ ಬುಟ್ಟಿಗೆ ಹಾಕಿದೆ. ಸಂಜೆ ಕುರಿಗಳು ಬಂದವು, ಅವಕ್ಕೆ ಹೋಗಲು ಮನೆ ಇರಲಿಲ್ಲ, ಅಂಗಳದಲ್ಲೇ ನಿಂತವು. ಮಾವ ಬಿದ್ದ ತೊಲೆ ನೋಡಿದರು, ನನ್ನನ್ನು ನೋಡಿದರು. ನಡೆದದ್ದನ್ನು ಹೇಳಿದೆ. ಹೇಳುವಾಗ ನನ್ನ ದನಿ ಬೇರೆ ಯಾರದೋ ಅನ್ನಿಸಿತು.

ಅತ್ತೆಯ ಕಾಲಿಗೆ ರಾಡ್ ಹಾಕಿದರು. ಮರುದಿನ ನಾನು ನೋಡಲು ಹೋದಾಗ ಅವರು ಕೇಳಿದ್ದು ಒಂದೇ ಮಾತು. "ಹೊಸಾ ಕಬ್ಬಿಣಾನೇ ಹಾಕಿದಾರಂತಾ? ಕೇಳಿದ್ಯಾ?" ಪಕ್ಕದ ಹಾಸಿಗೆಯವರು ನಕ್ಕರು. ನಾನೂ ನಗಬೇಕಿತ್ತು.

ಆವತ್ತಿನಿಂದ ನನಗೆ ನಿದ್ದೆ ಬರಲಿಲ್ಲ. ಅತ್ತೆ ಬದುಕಿದ್ದರು, ಆಸ್ಪತ್ರೆಯಲ್ಲಿ ನೋವಿನ ಮಾತ್ರೆ ನುಂಗಿ ಗೊರಕೆ ಹೊಡೆಯುತ್ತಿದ್ದರು. ನನಗೆ ಏನೂ ಆಗಿರಲಿಲ್ಲ. ಆದರೆ ನಾವು ಮಲಗುವ ಕೋಣೆಯಲ್ಲಿ, ಮಂಚದ ತಲೆಯ ಕಡೆ, ಒಂದು ಅಟ್ಟವಿದೆ. ಅದರ ಕಲ್ಲುಗಳೂ ಅದೇ ಹಳೆ ಜಗಲಿಯವು. ಮಲಗಿದರೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಕಣ್ಣು ಮುಚ್ಚಿದರೆ ಮೊದಲ ಸದ್ದು. ಗಂಡ ನನಗೆ ಧೈರ್ಯ ಬರಲೆಂದು ಅಟ್ಟ ಹತ್ತಿ ನಿಂತು ತೋರಿಸಿದರು. ಕೆಳಗಿರುವುದು ಕಬ್ಬಿಣದ ಆಂಗಲ್ಲು, ಆನೆ ನಿಂತರೂ ಜಗ್ಗುವುದಿಲ್ಲ ಎಂದರು. ಅವರು ಅಲ್ಲಿ ತಲೆ ಬಗ್ಗಿಸಿ ನಿಂತಿದ್ದನ್ನು ನೋಡಿದೆ. ಸರಿ ಅಂದೆ. ನಿದ್ದೆ ಬರಲಿಲ್ಲ. ನೆಲದ ಮೇಲೆ ಮಲಗಿದೆ, ನಡುಮನೆಯಲ್ಲಿ ಮಲಗಿದೆ. ಅಲ್ಲಿಂದಲೂ ಕಿವಿ ಆ ಕೋಣೆಯಲ್ಲೇ ಇರುತ್ತಿತ್ತು. ಹಗಲಲ್ಲಿ ಅನ್ನಕ್ಕೆ ಎಸರಿಟ್ಟು ಎದುರು ನಿಂತು ಮರೆತುಬಿಡುತ್ತಿದ್ದೆ.

ನೋಡಲು ಬಂದ ನೆಂಟರು ತಮಗೆ ತೋಚಿದ್ದು ಹೇಳಿ ಹೋದರು. ಹೊಸದುರ್ಗದಿಂದ ಬಂದ ಅತ್ತೆಯ ಅಕ್ಕ, ಮನೆಯೊಳಗೆ ಇರಬೇಕಾದ ತೊಲೆಯನ್ನು ಕುರಿಮನೆಗೆ ಹಾಕಿದ್ದಕ್ಕೆ ಅದು ಮುನಿದುಕೊಂಡಿತು ಎಂದರು. ಗೆದ್ದಲು ಇರಬೇಕು ಎಂದರು ಕೆಲವರು. ಗೆದ್ದಲು ಇರಲಿಲ್ಲ. ಮುರಿದ ಜಾಗವನ್ನು ನಾನು ದಿನಾ ಹೋಗಿ ನೋಡುತ್ತಿದ್ದೆ. ಮರ ಗಟ್ಟಿಯಾಗಿತ್ತು. ಕಚ್ಚಿನ ಮೂಲೆಯಿಂದಲೇ ಸೀಳಿತ್ತು.

ಒಂದು ದಿನ ಬೇವಿನ ಕಡ್ಡಿ ಮುರಿದು ಚಾಕುವಿನಿಂದ ಅದಕ್ಕೊಂದು ಕಚ್ಚು ಹಾಕಿದೆ. ಕಚ್ಚು ಮೇಲೆ ಮಾಡಿ ಎರಡೂ ತುದಿ ಹಿಡಿದು ನಡುವೆ ಹೆಬ್ಬೆರಳಿಂದ ಒತ್ತಿದೆ. ಕಚ್ಚು ಮುಚ್ಚಿಕೊಂಡಿತು, ಕಡ್ಡಿ ಬಾಗಿತು. ತಿರುಗಿಸಿ, ಕಚ್ಚು ಕೆಳಗೆ ಮಾಡಿ ಒತ್ತಿದೆ. ಕಚ್ಚು ಬಾಯಿ ಬಿಟ್ಟಿತು, ಕಡ್ಡಿ ಪಟ್ಟನೆ ಮುರಿಯಿತು. ಇನ್ನೊಂದು ಕಡ್ಡಿ ತೆಗೆದುಕೊಂಡೆ. ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಮುರಿದ ಕಡ್ಡಿಗಳ ರಾಶಿಯೇ ಆಯಿತು. ಕಾರಣ ಸಿಕ್ಕಿತ್ತು. ಕಾರಣ ಸಿಕ್ಕರೆ ಹಗುರಾಗಬಹುದು ಅಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ.

ಅತ್ತೆ ಮನೆಗೆ ಬಂದರು. ಅವರು ಬಂದ ವಾರವೇ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಬಿದ್ದ ಕಲ್ಲು, ಮಣ್ಣು, ತೊಲೆ ಎಲ್ಲವನ್ನೂ ಟ್ರ್ಯಾಕ್ಟರಿಗೆ ಹೇರಿ ಹಳೆ ಕ್ವಾರಿ ಗುಂಡಿಗೆ ಸುರಿಯುವುದೆಂದು ನನ್ನ ಗಂಡ ತೀರ್ಮಾನ ಮಾಡಿದ್ದರು. ಅತ್ತೆ ಅದೇ ಸಾಮಾನಿನಲ್ಲಿ ಕುರಿಮನೆ ಮತ್ತೆ ಎಬ್ಬಿಸಿ ಎಂದರು. ಗಂಡ ಸಿಟ್ಟಿನಲ್ಲಿ, ಇನ್ನೊಂದು ಕಾಲೂ ಹೋಗಲಿ ಅಂತಾನಾ ಎಂದು ಕೇಳಿದರು.

ಅತ್ತೆ ಸಿಟ್ಟಾಗಲಿಲ್ಲ. "ಆ ಮಾಳಿಗೆಗೆ ನಾನು ಈ ಮನೆಗೆ ಬಂದಾಗಿಂದ ನೀರು ಹೊತ್ತಿದೀನಿ. ಗುಂಡಿಗೆ ಹಾಕದಾದ್ರೆ ನಾನು ಹೊತ್ತಿದ್ದು ಯಾತಕ್ಕಪ್ಪ?" ಅಂದರು.

ಗಂಡ ಎದ್ದು ಹೊರಗೆ ಹೋದರು. ನನಗೆ ಯಾರ ಪಕ್ಷವೂ ವಹಿಸಲು ಆಗಲಿಲ್ಲ. ಆ ಕಲ್ಲುಗಳು ಮತ್ತೆ ಮೇಲೇರಿದರೆ ನಾನು ಈ ಮನೆಯಲ್ಲಿ ಇನ್ನೆಂದೂ ಮಲಗಲಾರೆ ಎಂಬುದು ಮಾತ್ರ ಗೊತ್ತಿತ್ತು. ಹಿತ್ತಲಿಗೆ ಹೋಗಿ ಎರಡು ಬೇವಿನ ಕಡ್ಡಿ ತಂದು, ಕಚ್ಚು ಹಾಕಿ, ಅತ್ತೆಯ ಕೈಗೆ ಕೊಟ್ಟೆ. ಹೇಗೆ ಒತ್ತಬೇಕೆಂದು ತೋರಿಸಿದೆ. ಅವರು ಒಂದನ್ನು ಬಗ್ಗಿಸಿದರು. ಇನ್ನೊಂದನ್ನು ಮುರಿದರು. ಮುರಿದ ಕಡ್ಡಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ದೇವ್ರ ಮುಖ ಮ್ಯಾಕೆ ಮಾಡಾಕೆ ಹೋಗಿ ಗಾಯದ ಮುಖ ಕೆಳಾಕೆ ಮಾಡಿದ್ವಿ," ಅಂದರು.

ನಾನು ನೆಲಕ್ಕೆ ಬಿದ್ದ ಕಡ್ಡಿಯ ಚೂರುಗಳನ್ನು ಆರಿಸಿದೆ.

"ನಿಮ್ ಅಟ್ಟದಾಗೂ ಇವೇ ಕಲ್ಲು ಅಲ್ಲೇನು?"

"ಹೂಂ."

"ಅದುಕ್ಕೇ ನೀನು ದೆವ್ವ ಹೊಕ್ಕೋಳಂಗೆ ಮನೆ ತುಂಬಾ ತಿರುಗ್ತಿರದು. ನಂಗೆ ಮಾತ್ರೆ ಕೊಟ್ರೆ ಕಣ್ಣು ಮುಚ್ಚುತ್ತೆ ಕಣವ್ವ, ಕಿವಿ ಮುಚ್ಚಲ್ಲ." ಮುರಿದ ಕಡ್ಡಿಯನ್ನು ನನ್ನ ಕೈಗೆ ಕೊಟ್ಟು ಹೇಳಿದರು, "ಕೆಳಗಿಳ್ಸಿ. ಗುಂಡಿಗೆ ಬ್ಯಾಡ. ತಲೆ ಮ್ಯಾಲೂ ಬ್ಯಾಡ. ಕಾಲಡಿ ಹಾಸಾಣ."

ಅಟ್ಟದ ಕಲ್ಲುಗಳನ್ನು ಇಳಿಸಿದರು. ಕುರಿಮನೆಯ ಗೋಡೆಗಳ ಮೇಲೆ ಕಬ್ಬಿಣದ ಪೈಪು ಹಾಕಿ ತಗಡು ಹೊದಿಸಿದರು. ಚಪ್ಪಡಿಗಳನ್ನೆಲ್ಲ ಹಿತ್ತಲ ಬಾಗಿಲಿನಿಂದ ಬಚ್ಚಲಿನ ತನಕ ಮರಳಿನ ಮೇಲೆ ಸಾಲಾಗಿ ಹಾಸಿದರು. ಅತ್ತೆಗೆ ವಾಕರ್ ಹಿಡಿದು ನಡೆಯಲು ಸಮತಟ್ಟಾದ ದಾರಿ ಬೇಕಿತ್ತು. ಬಿದ್ದು ಒಡೆದ ಚಪ್ಪಡಿಗಳೂ ಅಲ್ಲೇ ಸೇರಿದವು, ಸಂದಿಗೆ ಕರಲು ಮಣ್ಣು ತುಂಬಿದೆವು. ತೊಲೆಯ ಎರಡು ತುಂಡುಗಳಿಗೆ ಮಾತ್ರ ಜಾಗ ಸಿಗಲಿಲ್ಲ. ಕೂರಲು ಮಣೆ ಮಾಡೋಣ ಎಂದರು ಮಾವ. ಭಂಡಾರದ ಮೇಲೆ ಕೂರುತ್ತೀರಾ ಎಂದು ಅತ್ತೆ ಗದರಿದರು. ಅವು ಗೋಡೆಯ ಪಕ್ಕ ತಗಡಿನಡಿ ಇನ್ನೂ ಬಿದ್ದಿವೆ.

ಕಲ್ಲು ಹಾಸಿದ ದಿನ ಸಂಜೆ ನಾನೂ ಅದರ ಮೇಲೆ ಬರಿಗಾಲಲ್ಲಿ ನಡೆದೆ. ಏನೂ ಅನ್ನಿಸಲಿಲ್ಲ. ಕಲ್ಲು ಬೆಚ್ಚಗಿತ್ತು. ಊಟ ಮಾಡಿ, ಪಾತ್ರೆ ತೊಳೆದು, ನಮ್ಮ ಕೋಣೆಯ ಮಂಚದ ಮೇಲೆ ಮಲಗಿದೆ. ಅಟ್ಟವಿದ್ದ ಜಾಗದಲ್ಲಿ ಗೋಡೆ ಖಾಲಿ ಇತ್ತು, ಆಂಗಲ್ಲು ಕಿತ್ತ ಗುರುತುಗಳಿದ್ದವು. ಅವನ್ನು ನೋಡುತ್ತಿದ್ದೆ.

ಮತ್ತೆ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಪಕ್ಕದಲ್ಲಿ ಗಂಡ ಇರಲಿಲ್ಲ, ಅಂಗಡಿ ಬಾಗಿಲು ತೆಗೆಯಲು ಹೋಗಿಯಾಗಿತ್ತು. ಹಿತ್ತಲಲ್ಲಿ ಅತ್ತೆಯ ವಾಕರ್ ಕಲ್ಲಿನ ಮೇಲೆ ಊರುತ್ತಿತ್ತು. ಬಚ್ಚಲ ಹತ್ತಿರದ ಕಲ್ಲು ಅಲುಗಾಡುತ್ತಿದೆ, ಮೇಸ್ತ್ರಿಯನ್ನು ಕರೆಸಿ ಎಂದು ಅವರು ಮಾವನಿಗೆ ಹೇಳುತ್ತಿದ್ದರು. ಇನ್ನೂ ಒಲೆ ಹತ್ತಿಲ್ಲವಲ್ಲ, ಸೊಸೆ ಎದ್ದಿಲ್ಲವೇ ಎಂದು ಮಾವ ಕೇಳಿದರು.

"ಮಕ್ಕಂಡಿದಾಳೆ," ಅಂದರು ಅತ್ತೆ. "ಎಬ್ಬಿಸ್ಬೇಡ್ರಿ."