ಕಮಲಾಪುರಕ್ಕೆ ಹೋಗಬೇಕಿದ್ದ ನಕಲು

ಫ್ರೆಂಡ್ಸ್, ಇವತ್ತು ನನ್ನ ಕೋಡ್ ಗೆದ್ದಿತು, ನಾನು ಸೋತೆ!

ಗ್ರಂಥಾಲಯಗಳ ಪುಸ್ತಕ ಹುಡುಕಿಕೊಡುವ ನಮ್ಮ ಸರ್ಚ್ ಸರ್ವರ್, ಪ್ರತಿ ಪುಸ್ತಕಪಟ್ಟಿಯ ಎರಡೂ ನಕಲನ್ನು ಕಲಬುರಗಿಯ ಒಂದೇ ಕಂಪ್ಯೂಟರಿನಲ್ಲಿ ಇಡುತ್ತಿತ್ತು. ಒಂದು ನಕಲು ಕಮಲಾಪುರದ ಕಂಪ್ಯೂಟರಿಗೆ ಹೋಗಬೇಕಿತ್ತು. ಮೂರು ದಿನ ಒದ್ದಾಡಿ ಆ ತಪ್ಪನ್ನು ಸರಿಪಡಿಸಿದೆ. ಕಲಬುರಗಿಯಲ್ಲಿ ಕರೆಂಟ್ ಹೋದರೂ ಹುಡುಕಾಟ ನಡೆಯಬೇಕು, ಅದೇ ಪರೀಕ್ಷೆ. ಪಾಸಾದರೆ ಸಂಜೆಯಿಂದಲೇ ರಜೆ. ಮದುವೆಯಾಗಿ ಬರೀ ಇಪ್ಪತ್ತು ದಿನ, ನನ್ನ ಮುದ್ದು ಗಂಡ ಇರುವುದು ಕಮಲಾಪುರದಲ್ಲಿ!

ಪರೀಕ್ಷೆಗೆಂದು ಬಾಸ್, ಕಲಬುರಗಿಯ ಸ್ಟೇಶನ್ ಬಜಾರದಲ್ಲಿರುವ ನಮ್ಮ ಆಫೀಸಿನ ಮೇನ್ ಸ್ವಿಚ್ ಆಫ್ ಮಾಡಿದರು. ಹುಡುಕಾಟ ಪೂರ್ತಿ ನಿಂತೇಹೋಯಿತು. ಗಾಬರಿಯಿಂದ ಕಮಲಾಪುರದ ಆಪರೇಟರ್ ಬಸಣ್ಣನಿಗೆ ಫೋನ್ ಮಾಡಿದೆ.

"ನಿಮ್ಮ ಕಂಪ್ಯೂಟರ್ ಚಾಲೂ ಅದ ಏನ್ರೀ?"

"ಇಲ್ಲಿ ಕರೆಂಟ್ ನೆಟ್ಟಗ ಎಲ್ಲಿರತದ ಮೇಡಂ? ಸುಟ್ಟುಗಿಟ್ಟು ಹೋದೀತಂತ ನಿನ್ನೆ ಟೆಂಪೋದಾಗ ನಿಮ್ಮ ಆಫೀಸಿಗೇ ಕಳಸೀನ್ರೀ. ಒಳಗಿನ ಖೋಲ್ಯಾಗ ನಿಮ್ಮ ಕಂಪ್ಯೂಟರ್ ಬಾಜೂಕೇ ಇಟ್ಟು ಚಾಲೂ ಮಾಡ್ಯಾರ, ನೋಡ್ರಿ!"

ಹೋಗಿ ನೋಡಿದೆ. ನಕಲುಗಳೇನೋ ಬೇರೆ ಬೇರೆ ಕಂಪ್ಯೂಟರಿಗೇ ಹೋಗಿದ್ದವು, ಆದರೆ ಆ ಕಂಪ್ಯೂಟರ್ ಎರಡೂ ಒಂದೇ ಮೇಜಿನ ಮೇಲೆ ಸತ್ತು ಕೂತಿದ್ದವು.

ಬಾಸ್ ಅಂದರು, "ನಾಳೆ ಅದನ್ನ ವಾಪಸ್ ಕಳಸ್ತೀನಿ. ನೀವು ಇಲ್ಲೇ ಕೂತು ಮತ್ತ ಟೆಸ್ಟ್ ಮಾಡ್ರಿ. ರಜಾ ಆಮ್ಯಾಲ ನೋಡೋಣು."

ಅಷ್ಟರಲ್ಲಿ ಗಂಡನ ಫೋನ್. "ಸಂಜೀಕ ಬಸ್‌ಸ್ಟ್ಯಾಂಡಿಗೆ ಕರಕೊಳ್ಳಾಕ ಬರ್ಲೇನು?"

"ನಾಳೆ ಬರ್ರಿ," ಅಂದೆ. "ಕಂಪ್ಯೂಟರ್ ಬರತದ."