ಸದ್ದಿಲ್ಲದ ಗಾಡಿಗೆ ನಿಂಬೆಹಣ್ಣಿಟ್ಟ ಭಾನುವಾರ

ಕೆಂಗೇರಿಯಿಂದ ರಾಜಾಜಿನಗರಕ್ಕೆ ಹೋಗಿಬಂದದ್ದನ್ನು ಪ್ರವಾಸ ಅಂತ ಬರೆದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಕಾಶಿಗೆ ಹೋಗಿಬಂದವರೂ ಆ ಭಾನುವಾರ ನಾನು ಕಂಡದ್ದನ್ನು ಕಂಡಿರಲಾರರು. ಬೆಳಿಗ್ಗೆ ಏಳರ ಸುಮಾರಿಗೆ ಬಸ್ಸು ಹತ್ತಿದವರು ನಾವಿಬ್ಬರೇ, ನಾನು ಮತ್ತು ನನ್ನ ಮಾವ ರುದ್ರಪ್ಪನವರು. ನಮ್ಮ ಯಜಮಾನರಿಗೆ ಭಾನುವಾರವೂ ಪಾಳಿ, ಅತ್ತೆಗೆ ಮಂಡಿನೋವು. ಚಳಿ ಇನ್ನೂ ಬಿಟ್ಟಿರಲಿಲ್ಲ. ಮಾವ ಹಣೆಗೆ ವಿಭೂತಿ ಬಳಿದು, ಕಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಂಡು, ಮುಖ ಗಂಟು ಹಾಕಿ ಕೂತಿದ್ದರು.

ಗಂಟಿಗೆ ಕಾರಣ ನನ್ನ ಮೈದುನ ನಾಗರಾಜ. ಪೆಟ್ರೋಲ್ ಬೆಲೆ ಏರಿ ಊರೆಲ್ಲ ಬೊಬ್ಬೆ ಹಾಕುತ್ತಿದ್ದ ಕಾಲ ಅದು. ಇವನು ಕಾರ್ಖಾನೆಗೆ ರಜಾ ಹಾಕಿ, ಇಬ್ಬರು ಗೆಳೆಯರನ್ನು ಕಟ್ಟಿಕೊಂಡು, ರಾಜಾಜಿನಗರದ ಒಂದು ಶೆಡ್ಡಿನಲ್ಲಿ ಬ್ಯಾಟರಿಯಿಂದ ಓಡುವ ಕಾರು ಕಟ್ಟಿದ್ದ. ಅವತ್ತು ಅದನ್ನು ಪಕ್ಕದ ಮೈದಾನದಲ್ಲಿ ಸಾರ್ವಜನಿಕರಿಗೆ ತೋರಿಸುವುದಿತ್ತು. ಅಪ್ಪ ಮಗನಿಗೆ ಒಂದು ಮಾತಾಗಿತ್ತು: ಅಪ್ಪ ಬಂದು ಪೂಜೆ ಮಾಡಬೇಕು, ಓಡಿದ್ದನ್ನು ನೋಡಿ ಒಪ್ಪಿದರೆ ನಾಗರಾಜ ಮುಂದುವರಿಯಬೇಕು. ಒಪ್ಪದಿದ್ದರೆ ಸೋಮವಾರವೇ ಕಾರ್ಖಾನೆಗೆ ವಾಪಸು, ಕಾರು ಗುಜರಿಗೆ.

"ಇಂಜಿನ್ ಇಲ್ಲದ್ದು ಗಾಡಿ ಹೆಂಗಾಗ್ತದಮ್ಮ? ಟಾರ್ಚಿಗೆ ಚಕ್ರ ಹಾಕಿದಾನೆ ಅಷ್ಟೆ," ಅಂದರು ಮಾವ. ಅವರು ಪುಣೆ ರಸ್ತೆಯಲ್ಲಿ ಲಾರಿ ಓಡಿಸಿ ತಲೆ ಬೆಳ್ಳಗೆ ಮಾಡಿಕೊಂಡವರು.

"ನೋಡೋಕ್ ಮುಂಚೇನೇ ಬೈಬೇಡಿ ಮಾವ."

"ನೋಡೋಕೇ ಹೋಗ್ತಾ ಇದೀನಲ್ಲ! ಅವನ ಮುಂದೆ ಆಡಬಾರದು ಅಂತ ಇಲ್ಲೇ ಆಡ್ತಾ ಇದೀನಿ."

ವೃಷಭಾವತಿಯ ದಡದಲ್ಲಿ ಆಗಲೇ ಬಟ್ಟೆ ಒಗೆಯುತ್ತಿದ್ದರು. ಬ್ಯಾಟರಾಯನಪುರ ದಾಟುವ ಹೊತ್ತಿಗೆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೆಜೆಸ್ಟಿಕ್ಕಿನಲ್ಲಿ ಇಳಿದು ಇಡ್ಲಿ ವಡೆ ತಿಂದೆವು. ವಡೆ ಆರಿತ್ತು, ಕಾಫಿ ಮಾತ್ರ ನಾಲಿಗೆ ಸುಡುವಷ್ಟಿತ್ತು. ಅಲ್ಲಿಂದ ಇನ್ನೊಂದು ಬಸ್ಸು. ಬಸ್ಸಿನ ಖರ್ಚೆಲ್ಲ ಸೇರಿದರೂ ನಮ್ಮ ತಿಂಡಿಯಷ್ಟೂ ಆಗಲಿಲ್ಲ. ರಾಜಾಜಿನಗರದಲ್ಲಿ ಇಳಿದಾಗ ಬಿಸಿಲು ಏರಿತ್ತು, ಭಾನುವಾರವಾದ್ದರಿಂದ ಅಲ್ಲಿನ ಶೆಡ್ಡುಗಳ ಲೇತ್ ಯಂತ್ರಗಳೆಲ್ಲ ಸುಮ್ಮನಿದ್ದವು.

ಮೈದಾನದ ತುಂಬ ಜನ. ನಡುವೆ ಕಾರು ನಿಂತಿತ್ತು. ಸುಳ್ಳು ಯಾಕೆ ಹೇಳಲಿ, ನೋಡಿದ ಕೂಡಲೆ ನನಗೆ ಬೇಜಾರೇ ಆಯಿತು. ನೀರಿನ ತೊಟ್ಟಿ ಮಗುಚಿ ಹಾಕಿದ ಹಾಗಿತ್ತು. ಹಸಿರು ಬಣ್ಣ ಇನ್ನೂ ಒಣಗಿರಲಿಲ್ಲ. ಸುತ್ತ ನಿಂತ ಹುಡುಗರು, "ಮುಟ್ಟಬೇಡ ಗುರು, ಶಾಕ್ ಹೊಡೆಯತ್ತೆ," "ಏ ಮಗಾ, ಇದಕ್ಕೆ ಸ್ವಿಚ್ ಎಲ್ಲೋ?" ಅಂತ ಕಿಚಾಯಿಸುತ್ತಿದ್ದರು. ನಾಗರಾಜ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಓಡಿಬಂದ. ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು. "ಬಂದ್ರಾ ಅಪ್ಪಾ?" ಅಂದವನೇ ನನ್ನ ಕೈಚೀಲ ತೆಗೆದುಕೊಂಡ.

ಮಾವ ಮುಖ ಸಡಿಲಿಸಲಿಲ್ಲ. ಆದರೆ ಪೂಜೆಗೆ ನಿಂತರೆ ಅವರು ಬೇರೆಯೇ ಮನುಷ್ಯ. ಬಾನೆಟ್ಟಿಗೆ ವಿಭೂತಿ ಪಟ್ಟೆ ಎಳೆದು, ಕುಂಕುಮ ಇಟ್ಟು, ಹೂವಿನ ಹಾರ ಹಾಕಿ, ಊದುಬತ್ತಿ ಬೆಳಗಿದರು. ನಾನು ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ಇದ್ದೆ. ಕೊನೆಗೆ ನಿಂಬೆಹಣ್ಣು. ಹೊಸ ಗಾಡಿಯ ಒಂದೊಂದು ಚಕ್ರದ ಕೆಳಗೂ ಒಂದೊಂದಿಟ್ಟು, ಅದನ್ನು ಜಜ್ಜಿಕೊಂಡು ಗಾಡಿ ಮುಂದೆ ಹೋದರೆ ದೃಷ್ಟಿ ಕಳೆಯಿತು ಅಂತ ಲೆಕ್ಕ. ಲಾರಿಯಾದರೆ ಒಂದು ರೂಢಿಯಿದೆ. ಡ್ರೈವರು ಇಂಜಿನ್ ಸ್ಟಾರ್ಟ್ ಮಾಡುತ್ತಾನೆ, ಅದು ಗುಡುಗುತ್ತದೆ, ಹಣ್ಣು ಇಟ್ಟವರು ಆ ಗುಡುಗು ಕೇಳಿ ಹಿಂದೆ ಸರಿಯುತ್ತಾರೆ. ಯಾರೂ ಯಾರಿಗೂ ಹೇಳಬೇಕಾಗಿಲ್ಲ.

ಮಾವ ನಾಲ್ಕೂ ಇಟ್ಟರು. ನಾಗರಾಜ ಒಳಗೆ ಕೂತು ಕೀಲಿ ತಿರುಗಿಸಿದ. ಏನೂ ಕೇಳಿಸಲಿಲ್ಲ. ನಾನೂ ಕಾದೆ, ಜನವೂ ಕಾದರು. ಆಗ ಮುಂದಿನ ಎಡಚಕ್ರದ ಹಣ್ಣು ಇಳಿಜಾರಿಗೆ ಉರುಳಿತು. "ಇನ್ನೂ ಸ್ಟಾರ್ಟೇ ಆಗಿಲ್ಲ," ಅನ್ನುತ್ತ ಮಾವ ಬಗ್ಗಿ ಅದನ್ನು ಮತ್ತೆ ಚಕ್ರದ ಬಾಯಿಗೆ ತಳ್ಳಿದರು. ಬಾನೆಟ್ಟಿನ ಮರೆಯಲ್ಲಿದ್ದ ಅವರು ನಾಗರಾಜನಿಗೆ ಕಾಣುತ್ತಿರಲಿಲ್ಲ. ಹಿಂದಿನಿಂದ ಯಾರೋ ಕಂಡಕ್ಟರನ ಹಾಗೆ "ರೈಟ್ ರೈಟ್!" ಅಂತ ಕೂಗಿದರು.

ಗಾಡಿ ಮುಂದೆ ಸರಿಯಿತು, ಪಟ್ ಅಂತ ಸದ್ದಾಯಿತು. ನಿಂಬೆಹಣ್ಣು ಒಡೆಯಿತು ಅಂತ ಜನ ಚಪ್ಪಾಳೆ ತಟ್ಟಿದರು.

ಅಯ್ಯೋ ಶಿವನೇ! ನನ್ನ ಕೈಯಿಂದ ತಟ್ಟೆ ಬಿತ್ತು. ಕಿರುಚಿದೆ, ಆದರೆ ಆ ಚಪ್ಪಾಳೆಯಲ್ಲಿ ನನ್ನ ಕಿರುಚಾಟ ಯಾರಿಗೆ ಕೇಳಬೇಕು? ಮಾವ ಕೂಗಲೇ ಇಲ್ಲ. ನೆಲದಲ್ಲಿ ಕೂತು, ಯಾರದ್ದೋ ಕೈ ನೋಡುವ ಹಾಗೆ ತಮ್ಮ ಬಲಗೈ ನೋಡುತ್ತಿದ್ದರು. ತೋರುಬೆರಳು, ನಡುಬೆರಳು ಎರಡೂ ಜಜ್ಜಿಹೋಗಿ ರಕ್ತ ಸುರಿಯುತ್ತಿತ್ತು. ಅತ್ತ ನಾಗರಾಜ ಗಾಡಿಯನ್ನು ದೊಡ್ಡದಾಗಿ ಒಂದು ಸುತ್ತು ತಿರುಗಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಹಲ್ಲು ಬಿಟ್ಟುಕೊಂಡು ಬಂದ. "ಅಪ್ಪಾ, ಓಡ್ತು ನೋಡಿ! ಓಡ್ತು!"

ಆ ನಗು ಅವನ ಮುಖದಲ್ಲಿ ಸತ್ತದ್ದನ್ನು ನಾನು ಕಣ್ಣಾರೆ ಕಂಡೆ. ಇಳಿದು ಓಡಿಬಂದ. "ನಾನಾ? ನಾನಾ ಹತ್ತಿಸಿದ್ದು ಅತ್ತಿಗೆ?" ಅಂತ ನನ್ನನ್ನು ಕೇಳಿದ. ನಾನು ಸೀರೆಯ ಸೆರಗು ಹರಿದು ಮಾವನ ಕೈಗೆ ಸುತ್ತಿದೆ. ನಾಗರಾಜನ ಗೆಳೆಯನೊಬ್ಬ, ಬಸವೇಶ್ವರನಗರದ ಕಡೆ ಗುರುತಿನ ಡಾಕ್ಟರೊಬ್ಬರ ನರ್ಸಿಂಗ್ ಹೋಂ ಇದೆ ಅಂದ. ನಾಗರಾಜ, "ಆಟೋ ತರ್ತೀನಿ," ಅಂತ ಹೊರಟ.

"ನಿಲ್ಲೋ," ಅಂದರು ಮಾವ. "ಎದುರಿಗೆ ಗಾಡಿ ಇಟ್ಕೊಂಡು ಆಟೋ ಯಾತಕ್ಕೋ?"

"ನನ್ನ ಕೈಲಾಗಲ್ಲ ಅಪ್ಪಾ. ಅದನ್ನ ಮುಟ್ಟಲ್ಲ ನಾನು."

"ಹತ್ತೋ ಅಂದ್ರೆ! ರಕ್ತ ಹೋಗ್ತಾ ಇದೆ."

ಮಾವ ಮುಂದೆ ಕೂತರು. ನಾನು ಹಿಂದೆ ಬ್ಯಾಟರಿಗಳ ಮೇಲಿನ ಹಲಗೆಯ ಮೇಲೆ ಕಾಲು ಮಡಿಚಿ ಕೂತೆ. ಎರಡು ಮೈಲಿಯೂ ಇರಲಿಲ್ಲ, ಆದರೆ ಆ ದಾರಿಯನ್ನು ನೆನೆದರೆ ಈಗಲೂ ಎದೆ ಧಸಕ್ ಅನ್ನುತ್ತದೆ. ಯಾರೂ ತಿರುಗಿ ನೋಡುತ್ತಿರಲಿಲ್ಲ! ಬೆನ್ನ ಹಿಂದೆ ಗಾಡಿ ಬಂದದ್ದು ಹಸುವಿಗೂ ಗೊತ್ತಿಲ್ಲ, ಸೈಕಲ್ಲಿನವನಿಗೂ ಗೊತ್ತಿಲ್ಲ. ಹಾರ್ನ್ ಇನ್ನೂ ಕೂರಿಸಿರಲಿಲ್ಲ. ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಇನ್ನೇನು ಗಾಡಿಯ ಅಡಿಗೆ ಬೀಳಬೇಕು, ನಾಗರಾಜ ಬ್ರೇಕ್ ಒತ್ತಿದ. "ಏನ್ರಪ್ಪಾ, ದೆವ್ವದ ತರ ಬರ್ತೀರಾ?" ಅಂತ ಅವಳು ಉಗಿದಳು. ಆಗ ಮಾವ ಎಡಗೈಯನ್ನು ಕಿಟಕಿಯಿಂದ ಹೊರಗೆ ಹಾಕಿ ಬಾಗಿಲ ತಗಡನ್ನು ದಬದಬ ಬಡಿಯಲು ಶುರುಮಾಡಿದರು. "ದಾರಿ ಬಿಡ್ರೋ! ಗಾಡಿ ಬಂತು, ದಾರಿ ಬಿಡ್ರೋ!" ನರ್ಸಿಂಗ್ ಹೋಮಿನ ಗೇಟಿನವರೆಗೂ ಬಡಿದರು, ಕೂಗಿದರು.

ಎರಡು ಬೆರಳನ್ನೂ ಅರ್ಧಕ್ಕೆ ತೆಗೆಯಬೇಕಾಯಿತು. ಹೊಲಿಗೆ ಹಾಕುತ್ತ ಡಾಕ್ಟರು, "ಯಾವ ಗಾಡಿ ಹತ್ತಿದ್ದು?" ಅಂತ ಕೇಳಿದರು.

"ಹೊರಗೆ ನಿಂತಿದೆಯಲ್ಲ ಸಾರ್, ಅದೇ," ಅಂದರು ಮಾವ.

"ಮತ್ತೆ ಇಲ್ಲಿಗೆ ಬಂದದ್ದು?"

"ಅದರಲ್ಲೇ."

ಡಾಕ್ಟರು ಕೆಲಸ ಮುಗಿಸಿ ಕಿಟಕಿಯ ಹತ್ತಿರ ಹೋಗಿ ಗಾಡಿಯನ್ನು ಬಗ್ಗಿ ನೋಡಿದರು.

ಮಧ್ಯಾಹ್ನ ಮಂಚದ ಪಕ್ಕ ನಾಗರಾಜ ತಲೆ ತಗ್ಗಿಸಿ ನಿಂತ. "ಅಪ್ಪಾ, ನೀವು ಏನೂ ಹೇಳೋದು ಬೇಡ. ನಾಳೆ ಕೆಲಸಕ್ಕೆ ಹೋಗ್ತೀನಿ. ಅದನ್ನ ಗುಜರಿಗೆ ಹಾಕಿಬಿಡ್ತೀನಿ." ಮಾವ ಬಯಸಿದ್ದೂ ಅದೇ ತಾನೆ. ಸರಿ, ಮುಗಿಯಿತು ಅಂದುಕೊಂಡೆ ನಾನು.

ಮಾವ ಕಣ್ಣು ಕೆಂಪಗೆ ಮಾಡಿದರು. "ನನ್ನ ಬೆರಳು ತಿಂದ ಗಾಡೀನ ಗುಜರಿಗೆ ಹಾಕ್ತೀಯಾ? ಯಾಕೋ, ನನ್ನ ಬೆರಳೇನು ಬೀದೀಲಿ ಬಿದ್ದಿದ್ವಾ? ಮೊದಲು ಅದಕ್ಕೊಂದು ಸದ್ದು ಮಾಡಿ ಕೊಡು. ಗಂಟೆನಾದ್ರೂ ಕಟ್ಟು, ಗೆಜ್ಜೆನಾದ್ರೂ ಕಟ್ಟು. ಜನಕ್ಕೆ ಗೊತ್ತಾಗ್ಬೇಕು, ಬಂತು ಅಂತ."

ನಾಗರಾಜ ಅಲ್ಲೇ ನೆಲಕ್ಕೆ ಕುಸಿದು, ಮಂಚದ ಕಾಲು ಹಿಡಿದುಕೊಂಡು ಬಿಕ್ಕಿದ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ನಾಗರಾಜ ಕೆಂಗೇರಿಗೆ ಬಿಡುತ್ತೇನೆ ಅಂದರೂ ಬ್ಯಾಟರಿಯಲ್ಲಿ ಅಷ್ಟು ಜೀವ ಇರಲಿಲ್ಲ. ಮತ್ತೆ ಮೆಜೆಸ್ಟಿಕ್ಕು, ಮತ್ತೆ ಬಸ್ಸು. ಮಾವನ ಕೈಗೆ ಯಾರೂ ತಾಗದ ಹಾಗೆ ನಾನು ಅಡ್ಡ ನಿಂತು ಬಂದೆ. ದೀಪ ಹಚ್ಚುವ ಹೊತ್ತಿಗೆ ಮನೆ ತಲುಪಿದೆವು. ಅತ್ತೆ ಬ್ಯಾಂಡೇಜು ನೋಡಿ ಬಾಯಿಗೆ ಸೆರಗು ಹಿಡಿದರು. "ಏನ್ರೀ ಇದು? ಏನಾಯ್ತು?"

ಮಾವ ಜಗುಲಿಯ ಮೇಲೆ ಕೂತು, ಎಡಗೈಯಿಂದ ನಿಧಾನವಾಗಿ ಮಫ್ಲರ್ ಬಿಚ್ಚಿದರು.

"ನನ್ನ ಮಗ ಗಾಡಿ ಮಾಡಿದಾನೆ ಕಣೇ," ಅಂದರು. "ಓಡ್ತದೆ."

ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದವರು, ಅಷ್ಟು ಹೇಳಿ ಗಳಗಳ ಅತ್ತುಬಿಟ್ಟರು.